ಓನರಮ್ಮನ ಐಸ್ ಆಟ

ಬೊಮ್ಮಸಂದ್ರ
ಡಿಸೆಂಬರ್ 2, 2025

ಶೈಲಾಗೆ ಭಾಗ್ಯಮ್ಮನ ಆಶೀರ್ವಾದ.

ನಾವೆಲ್ಲ ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ ಎಂದು ಬರೆಯುವುದು ವಾಡಿಕೆ. ನಾನು ಏನನ್ನೂ ನಂಬಿಲ್ಲ. ದಸರೆಗೆ ಊರಿಗೆ ಹೋಗಿಬರುತ್ತೇನೆ ಎಂದು ಒಂದು ಬ್ಯಾಗು ಹಿಡಿದು ಹೊರಟವಳು ನೀನು. ದೀಪಾವಳಿ ಆಯಿತು, ಕಾರ್ತಿಕವೂ ಕಳೆಯಿತು. ಕ್ಷೇಮವೋ ಅಲ್ಲವೋ ನೀನೇ ಬರೆದು ತಿಳಿಸು.

ಫೋನ್ ಮಾಡಬಾರದಿತ್ತೇ ಅನ್ನಬೇಡ. ನನ್ನ ಕಿವಿಯ ಸಮಾಚಾರ ನಿನಗೆ ಗೊತ್ತೇ ಇದೆ. ಮಗ ವಸಂತ್ ಮೊನ್ನೆ ನಿನಗೆ ಫೋನ್ ಹಚ್ಚಿ ನನ್ನ ಕಿವಿಗೆ ಒತ್ತಿ ಹಿಡಿದ. ಒಳಗೆ ನೊಣ ಗುಂಯ್‌ಗುಟ್ಟಿದ ಹಾಗಾಯಿತು. ಮಾತಾಡಿದವಳು ನೀನೋ ನಿನ್ನ ಅಕ್ಕ ದುರ್ಗವ್ವನೋ ತಿಳಿಯದೆ ಹ್ಞೂಂ ಹ್ಞೂಂ ಅಂದು ವಾಪಸ್ ಕೊಟ್ಟೆ. ಕಿವಿಯ ಮಶೀನು ಹಾಕಿಕೊಂಡರೆ ಸಾರು ಕುದಿಯುವುದೂ ಲಾರಿ ಹೋಗುವುದೂ ಒಂದೇ ಥರ ಕೇಳುತ್ತದೆ. ಸಾಕಾಗಿ ತೆಗೆದು ಡಬ್ಬಿಗೆ ಹಾಕಿದ್ದೇನೆ. ಬಾಡಿಗೆಗೆ ಬರುವಾಗ ನೀನು ಕೊಟ್ಟ ಆಧಾರ್ ಜೆರಾಕ್ಸಿನಲ್ಲಿ ಊರಿನ ವಿಳಾಸ ಇತ್ತು. ಅದನ್ನು ನೋಡಿ ಬರೆಯುತ್ತಿದ್ದೇನೆ.

ಮೂಲೆಯ ನಿನ್ನ ರೂಮು ಹಾಗೇ ಇದೆ. ಬಾಗಿಲ ಮುಂದಿನ ದೊಡ್ಡಪತ್ರೆಗೆ ನಾನೇ ನೀರು ಹಾಕುತ್ತಿದ್ದೇನೆ. ವಸಂತ್ ಮಾತ್ರ ದಿನಾ ಒಂದೇ ರಾಗ. “ಬೀಗ ಹಾಕ್ಕೊಂಡು ಯಾಕಮ್ಮ ಇಟ್ಕಂಡಿದೀಯ? ಕೊಡೋಣ ಯಾರಿಗಾದ್ರೂ.” ನನಗೆ ಕೇಳಿಸುವುದಿಲ್ಲವಲ್ಲ, ಬಾಯಿ ನೋಡಿಯೇ ಅರ್ಥ ಮಾಡಿಕೊಂಡು ಅರ್ಥವಾಗದವಳ ಹಾಗೆ ಎದ್ದು ಹೋಗುತ್ತೇನೆ.

ಮಧ್ಯಾಹ್ನದ ಹೊತ್ತು ಟಿ.ವಿ.ಯಲ್ಲಿ ನಿನ್ನ ಐಸ್ ಆಟ ಶುರುವಾಗಿದೆ. ಯಾವ ದೇಶವೋ ಏನೋ, ಅದೇ ಬಿಳೀ ಗುಡ್ಡ, ಅದೇ ಜಾರುವ ಜನ. ನೀನಿಲ್ಲದೆ ಹಾಕಲು ಮನಸ್ಸಾಗಲಿಲ್ಲ. ಬೇಗ ಬಾ.

ಇಂತಿ,
ಭಾಗ್ಯಮ್ಮ


ಕುಷ್ಟಗಿ ತಾಲೂಕು
ಡಿಸೆಂಬರ್ 30, 2025

ಅಮ್ಮಾರಿಗೆ ಶೈಲಾಳ ನಮಸ್ಕಾರಗಳು.

ನಿಮ್ಮ ಪತ್ರ ಬಂದು ಬಹಳ ದಿನವಾಯಿತು. ಅಕ್ಕನ ಮನೆಯಲ್ಲಿ ಕೆಲಸ ಇತ್ತು, ಬರೆಯಲಿಕ್ಕೆ ಆಗಲಿಲ್ಲ. ನಾನು ಆರಾಮ ಇದ್ದೇನ್ರಿ. ರೂಮನ್ನು ಯಾರಿಗಾದರೂ ಕೊಡುವುದಾದರೆ ಕೊಟ್ಟುಬಿಡಿರಿ. ಪಾತ್ರೆ, ಹಾಸಿಗೆ ಒಂದು ಮೂಲೆಯಲ್ಲಿ ಇಟ್ಟಿರಿ. ನಿಮ್ಮ ಐಸ್ ಆಟ ನೀವು ನೋಡಿರಿ, ನನಗಾಗಿ ಕಾಯಬೇಡಿರಿ.

ಅಕ್ಷರ ಸೊಟ್ಟ ಆಗಿವೆ, ತಪ್ಪು ತಿಳಿಯಬೇಡಿರಿ.

ನಿಮ್ಮ
ಶೈಲಾ


ಬೊಮ್ಮಸಂದ್ರ
ಜನವರಿ 12, 2026

ಶೈಲಾಗೆ,

ನಿನ್ನ ಪತ್ರ ನೋಡಿ ಸಿಟ್ಟು ಬಂತು. ಗವರ್ನಮೆಂಟ್ ಆಫೀಸಿನಿಂದ ಬರುವ ಕಾಗದ ಕೂಡ ಇದಕ್ಕಿಂತ ಉದ್ದ ಇರುತ್ತದೆ. ರೂಮು ಕೊಟ್ಟುಬಿಡಿ ಅಂತೆ. ಕೊಡುವುದಕ್ಕೆ ನಾನೇನು ನಿನ್ನನ್ನು ಕೇಳಿದೆನೇ?

ನಾನು ಎಳ್ಳು ಬೆಲ್ಲ ತರಲು ಹೋಗಿದ್ದಾಗ ನಿನ್ನ ಫ್ಯಾಕ್ಟರಿಯ ಸೂಪರ್‌ವೈಸರ್ ಮುರಳಿ ಅಂಗಡಿಯ ಹತ್ತಿರ ಸಿಕ್ಕಿದ್ದ. ನನಗೆ ಕೇಳಲೆಂದು ಇಡೀ ಬೀದಿಗೆ ಕೇಳುವ ಹಾಗೆ ಕೂಗಿದ. “ಆಂಟೀ, ಶೈಲಕ್ಕ ಬಂದ್ರೆ ಅದೇ ಕೋಲ್ಡ್ ರೂಮ್‌ಗೆ ಹಾಕ್ತೀನಿ. ಬೇರೆ ಕಡೆ ಖಾಲಿ ಇಲ್ಲ. ಮಾರ್ಚ್ ಒಳ್ಗೆ ಹೇಳ್ಲಿಲ್ಲ ಅಂದ್ರೆ ನನ್ ಕೈಲಿ ಇರಲ್ಲ!” ಬರ್ತಾಳೆ ಬರ್ತಾಳೆ ಅಂದೆ. ಕೆಲಸ ಕಾದಿದೆ, ರೂಮು ಕಾದಿದೆ. ಇನ್ನೇನು ಬೇಕು ನಿನಗೆ?

ಇನ್ನೊಂದು ವಿಷಯ. ಫೆಬ್ರವರಿಯಲ್ಲಿ ದೊಡ್ಡ ಐಸ್ ಆಟವಂತೆ, ಒಲಿಂಪಿಕ್ಸು, ನಾಲ್ಕು ವರ್ಷಕ್ಕೊಮ್ಮೆ ಬರುವುದು. ಇಟಲಿ ದೇಶದಲ್ಲಿ ನಡೆಯುತ್ತದೆ ಎಂದು ವಸಂತ್ ಹೇಳಿದ. ಹೋದ ಸಲ ಚೀನಾದಲ್ಲಿ ನಡೆದಾಗ ನಾವಿಬ್ಬರೂ ನೋಡಿದ್ದು ನೆನಪಿದೆಯೇ? ನೀನು ಫಸ್ಟ್ ಶಿಫ್ಟು ಮುಗಿಸಿ ಬರುವಷ್ಟರಲ್ಲಿ ನಾನು ಕಾಫಿ ಇಟ್ಟಿರುತ್ತಿದ್ದೆ. ಆಟಗಳ ಇಂಗ್ಲಿಷ್ ಹೆಸರು ಗೊತ್ತಿಲ್ಲದೆ ನಾವೇ ನಾಮಕರಣ ಮಾಡಿದ್ದೆವು. ಮಲಗಿಕೊಂಡು ಜಾರುವವರು, ಗುಡ್ಡದಿಂದ ಹಾರೋರು, ಕೋವಿ ಹೊತ್ಕೊಂಡು ಓಡೋರು. ಎಲ್ಲಕ್ಕಿಂತ ಮಜಾ ಅಂದರೆ ಗುಡಿಸೋರು. ಒಬ್ಬಳು ಗುಂಡುಕಲ್ಲನ್ನು ಮೆಲ್ಲಗೆ ದೂಡಿ ಬಿಟ್ಟರೆ ಇನ್ನಿಬ್ಬರು ಪೊರಕೆ ಹಿಡಿದು ಅದರ ಮುಂದೆ ಮುಂದೆ ಗುಡಿಸಿಕೊಂಡು ಹೋಗುತ್ತಿದ್ದರಲ್ಲ! “ಇದಕ್ಕೂ ಪದಕ ಕೊಡ್ತಾರೇನ್ರಿ ಅಮ್ಮಾರ? ಹಂಗಿದ್ರ ನನಗ ಎಷ್ಟು ಕೊಡಬೇಕಾಗಿತ್ತು!” ಅಂತ ನೀನು ನನ್ನ ಕಿವಿಯ ಹತ್ತಿರ ಬಂದು ಕೂಗಿದ್ದೆ. ನನಗೆ ನಗು ಬಂದು ಕಾಫಿ ಸೀರೆಯ ಮೇಲೆ ಚೆಲ್ಲಿತು. ಆ ಕಲೆ ಇನ್ನೂ ಹೋಗಿಲ್ಲ.

ಹೋದ ತಿಂಗಳು ದುಡ್ಡು ಕಟ್ಟದೆ ನಿಂತುಹೋಗಿದ್ದ ಆ ಚಾನಲ್ಲನ್ನು ಕೇಬಲ್ಲಿನ ಆವಲಪ್ಪನಿಗೆ ಹೇಳಿ ಮತ್ತೆ ಹಾಕಿಸಿದ್ದೇನೆ, ನಿನಗೋಸ್ಕರ. ಆಟ ಶುರುವಾಗುವುದರೊಳಗೆ ಬಂದುಬಿಡು. ಹಬ್ಬದ ಎಳ್ಳು ಎತ್ತಿಟ್ಟಿರುತ್ತೇನೆ.

ಇಂತಿ,
ಭಾಗ್ಯಮ್ಮ


ಬೊಮ್ಮಸಂದ್ರ
ಫೆಬ್ರವರಿ 4, 2026

ಶೈಲಾ,

ನಾಡಿದ್ದು ಆಟ ಶುರು. ನಿನ್ನಿಂದ ಒಂದು ಸಾಲೂ ಇಲ್ಲ. ಪೋಸ್ಟಿನವನು ಕೆಳಗಿನ ಅಂಗಡಿಯಲ್ಲಿ ಕಾಗದ ಕೊಟ್ಟು ಹೋಗುತ್ತಾನೆ ಎಂದು ದಿನಾ ಮೆಟ್ಟಿಲಿಳಿದು ಕೇಳಿ ಬರುತ್ತೇನೆ. ಮಂಡಿ ನೋವು ಬೇರೆ. ಅಂಗಡಿಯವನು ಈಗ ನಾನು ಇಳಿಯುವುದು ಕಂಡರೆ ಸಾಕು, ದೂರದಿಂದಲೇ ಕೈಯಾಡಿಸಿ ಇಲ್ಲ ಅನ್ನುತ್ತಾನೆ.

ನಾನೇನು ಮಾಡಿದೆ ನಿನಗೆ? ಏನಾದರೂ ಅಂದೆನೇ? ಅಂದಿದ್ದರೆ ಮುಖಕ್ಕೆ ಹೊಡೆದ ಹಾಗೆ ಹೇಳು. ಸುಮ್ಮನಿದ್ದು ಸಾಯಿಸಬೇಡ.

ಭಾಗ್ಯಮ್ಮ


ಕುಷ್ಟಗಿ ತಾಲೂಕು
ಫೆಬ್ರವರಿ 13, 2026

ಅಮ್ಮಾರಿಗೆ ನಮಸ್ಕಾರ.

ನೀವು ಏನೂ ಅಂದಿಲ್ರಿ. ನೀವು ಒಂದು ದಿನವೂ ನನ್ನನ್ನು ಬಾಡಿಗೆಯವಳ ಹಾಗೆ ನೋಡಲಿಲ್ಲ. ನಾನು ಬರೆಯದೆ ಇದ್ದದ್ದಕ್ಕೆ ಕಾರಣ ನನ್ನ ಕೈ. ಬೆರಳುಗಳು ಪೆನ್ನು ಹಿಡಿಯುವುದಿಲ್ಲ. ಈ ಪತ್ರವನ್ನೂ ನಾಲ್ಕು ಸಾಲು ಬರೆದು, ಒಲೆಯ ಮುಂದೆ ಕೂತು ಕೈ ಕಾಸಿಕೊಂಡು, ಮತ್ತೆ ನಾಲ್ಕು ಸಾಲು ಬರೆಯುತ್ತಿದ್ದೇನೆ.

ಆ ಕೋಲ್ಡ್ ರೂಮಿನಲ್ಲಿ ಹಸಿ ಬಟಾಣಿ, ಜೋಳ, ಪರೋಟದ ಪ್ಯಾಕೆಟ್ಟುಗಳನ್ನು ಆರಿಸಿ ಪೆಟ್ಟಿಗೆಗೆ ತುಂಬುವ ಕೆಲಸ ನಮ್ಮದು ಎಂದು ನಿಮಗೆ ಹೇಳಿದ್ದೆ. ಹೇಳದೆ ಇದ್ದದ್ದು ಗ್ಲೌಸಿನ ವಿಷಯ. ರಾತ್ರಿ ಶಿಫ್ಟಿನವರು ಬಿಚ್ಚಿಟ್ಟ ಗ್ಲೌಸನ್ನೇ ಬೆಳಗ್ಗೆ ನಾವು ಹಾಕಿಕೊಳ್ಳಬೇಕು. ಅವರ ಬೆವರಿನ ತೇವ ಒಳಗೆ ಆರಿರುವುದಿಲ್ಲ. ಆ ತೇವದ ಸಮೇತ ಮೈನಸ್ ಡಿಗ್ರಿಯ ರೂಮಿಗೆ ಹೋಗಬೇಕು. ಹೋದ ವರ್ಷದಿಂದ ಬೆರಳ ತುದಿ ಬೆಳ್ಳಗಾಗುತ್ತಿತ್ತು, ಆಮೇಲೆ ನೀಲಿ, ಆಮೇಲೆ ಮುಟ್ಟಿದರೂ ತಿಳಿಯದಂತಾಯಿತು. ದಸರೆ ನೆಪ ಮಾಡಿ ಬಂದುಬಿಟ್ಟೆ. ಇಲ್ಲಿ ಡಾಕ್ಟರು ನೋಡಿ, “ಇನ್ನೊಂದು ವರ್ಷ ಅಲ್ಲಿ ನಿಂತ್ರ ಬೆರಳ ತುದಿ ಉಳಿಯೂದಿಲ್ಲವ್ವ, ತಗೀಬೇಕಾಗತೈತಿ” ಅಂದರು.

ಇನ್ನೊಂದು ಮಾತು ಹೇಳುತ್ತೇನೆ, ಸಿಟ್ಟಾಗಬೇಡಿರಿ. ನನಗೆ ಆ ಐಸ್ ಆಟ ಸೇರುತ್ತಿರಲಿಲ್ಲ. ಒಂದು ದಿನವೂ ಸೇರಲಿಲ್ಲ. ದಿನವಿಡೀ ಐಸಿನಲ್ಲಿ ನಿಂತು ಬಂದು, ಮನೆಗೆ ಬಂದರೂ ಮತ್ತೆ ಬಿಳೀದೇ ನೋಡಬೇಕೆಂದರೆ ಹೇಗಾಗಬೇಡ? ಅವರು ಐಸಿನ ಮೇಲೆ ಕೈಯೂರಿ ಬಿದ್ದರೆ ನನ್ನ ಬೆರಳು ಚುರುಚುರು ಅನ್ನುತ್ತಿದ್ದವು. ನಿಮ್ಮ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಕೂತುಬಿಡುತ್ತಿದ್ದೆ.

ಕೆಲಸಕ್ಕೆ ಸೇರಿದ ಮೊದಲ ದಿನ ನೀರು ಹಿಡಿಯಲಿಕ್ಕೆ ಬಂದಾಗ ನಿಮ್ಮ ಟಿ.ವಿ.ಯಲ್ಲಿ ಅದು ಓಡುತ್ತಿತ್ತು. ಬೆಳಗ್ಗೆಯಿಂದ ಐಸಿನಲ್ಲಿ ಸತ್ತು ಬಂದಿದ್ದೆ, ಇಲ್ಲಿ ನೋಡಿದರೆ ಜನ ಅದರ ಮೇಲೆ ಕುಣಿಯುತ್ತಿದ್ದಾರೆ. ನಂಬಲಿಕ್ಕಾಗದೆ ಬಾಗಿಲಲ್ಲೇ ನಿಂತೆ. ನೀವು “ಬಾರೇ ಒಳಗೆ, ಕೂತ್ಕಂಡು ನೋಡು” ಅಂದಿರಿ. ಓನರಮ್ಮ ಕರೆದಾಗ ಒಲ್ಲೆ ಅನ್ನುವುದು ಹೇಗೆ? ಮರುದಿನವೂ ಕರೆದಿರಿ. ನಿಮಗೆ ಆ ಆಟದ ಮೇಲೆ ಪ್ರಾಣ, ಜೊತೆಗೆ ಒಬ್ಬರು ಬೇಕು ಅಂತ ತಿಳಿದು ಕೂತೆ. ವರ್ಷ ವರ್ಷ ಕೂತೆ.

ನನಗಾಗಿ ಆ ಚಾನಲ್ಲು ಹಾಕಿಸಿದಿರಿ ಎಂದು ಬರೆದಿದ್ದೀರಿ. ಓದಿ ಅಳು ಬಂತು. ಅಷ್ಟೇ.

ನಿಮ್ಮ
ಶೈಲಾ


ಬೊಮ್ಮಸಂದ್ರ
ಫೆಬ್ರವರಿ 22, 2026

ಶೈಲಾಗೆ,

ನಿನ್ನ ಕಾಗದ ಬಂದ ದಿನ ಊಟ ಸೇರಲಿಲ್ಲ. ಬೆರಳು ನೀಲಿಗಟ್ಟಿಸಿಕೊಂಡು ನನ್ನ ಮುಂದೆಯೇ ಓಡಾಡಿದ್ದೀಯ, ನನ್ನ ಕಣ್ಣಿಗೆ ಬೀಳಲಿಲ್ಲ. ಕಿವಿ ಹೋಗಿದೆ ಎಂದು ಗೊತ್ತಿತ್ತು. ಕಣ್ಣೂ ಹೋಗಿದೆ ಎಂದು ಗೊತ್ತಿರಲಿಲ್ಲ.

ಆದರೆ ಆಟದ ವಿಷಯಕ್ಕೆ ಬಂದರೆ ನಿನಗೆ ನಾಲ್ಕು ಬಿಗಿಯಬೇಕು ಅನಿಸುತ್ತಿದೆ. ನನಗೆ ಪ್ರಾಣವಂತೆ! ಯಾರು ಹೇಳಿದ್ದು ನಿನಗೆ? ಆವತ್ತು ನಾನು ನನ್ನ ಸೀರಿಯಲ್ ಹುಡುಕುತ್ತಾ ರಿಮೋಟ್ ಒತ್ತುತ್ತಿದ್ದೆ. ಆ ಬಿಳೀದು ಬಂತು. ನೋಡಿದರೆ ನೀನು ಬಿಂದಿಗೆ ಹಿಡಿದುಕೊಂಡು ಬಾಗಿಲಲ್ಲಿ ಕಣ್ಣು ಬಿಟ್ಟುಕೊಂಡು ನಿಂತಿದ್ದೀಯ. ಗಂಡನನ್ನು ಕಳೆದುಕೊಂಡು ಒಂಟಿಯಾಗಿ ಬಂದ ಹೆಣ್ಣು, ಏನೋ ಒಂದು ಆಸೆಯಿಂದ ನೋಡುತ್ತಿದೆ, ಐಸಿನಲ್ಲಿ ಕೆಲಸ ಮಾಡುವವಳಿಗೆ ಐಸ್ ಕಂಡರೆ ಇಷ್ಟವಿರಬೇಕು ಅಂದುಕೊಂಡು ಚಾನಲ್ ಬದಲಾಯಿಸಲಿಲ್ಲ. ಮರುದಿನವೂ ನೀನು ಬಂದು ಕೂತೆ. ಸರಿ, ಇವಳಿಗೆ ಇದೇ ಹುಚ್ಚು ಅಂದುಕೊಂಡೆ.

ಆಗ ನನಗೆ ಅರ್ಧ ಕಿವಿ ಕೇಳುತ್ತಿತ್ತು ಕಣೇ. ನನ್ನ ಸೀರಿಯಲ್ಲೂ ಅದೇ ಹೊತ್ತಿಗೆ ಬರುತ್ತಿತ್ತು. ಮನೆಬಿಟ್ಟು ಹೋದ ಆ ಸೊಸೆ ಕೊನೆಗೆ ಬಂದಳೋ ಇಲ್ಲವೋ ಇವತ್ತಿನವರೆಗೂ ನನಗೆ ಗೊತ್ತಿಲ್ಲ. ನಿನಗಾಗಿ ಬಿಟ್ಟೆ. ಈಗ ಹಾಕಿದರೂ ಬರೀ ಬಾಯಿ ಆಡಿಸುತ್ತಾರೆ, ಅಳುತ್ತಾರೆ, ಯಾಕೆ ಅಂತ ತಿಳಿಯುವುದಿಲ್ಲ. ನೀನು ಒಂದು ಮಾತು ಬಾಯಿಬಿಟ್ಟು ಹೇಳಿದ್ದರೆ ಆಗುತ್ತಿತ್ತಲ್ಲ! ಇಬ್ಬರಿಗೂ ಬೇಡದ ಆಟವನ್ನು ಇಬ್ಬರೂ ಕೂತು ಇಷ್ಟು ವರ್ಷ ನೋಡಿದ್ದೇವೆ. ವಸಂತ್‌ಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೆ ನಗು ಬರಲಿಲ್ಲ, ಸುಸ್ತಾಯಿತು.

ಕಾಗದ ಬರುವವರೆಗೆ ದಿನಾ ಮಧ್ಯಾಹ್ನ ಟಿ.ವಿ. ಹಾಕಿ ಕೂತಿದ್ದೆ, ನೀನು ಬಂದರೆ ಮುಂದಿನ ಕಥೆ ಹೇಳಬೇಕಲ್ಲ ಎಂದು. ಒಬ್ಬಳೇ ಕೂತರೆ ಬರೀ ಬಿಳೀದು. ಯಾರು ಗೆದ್ದರೆ ನನಗೇನು? ಜಾರುವವರೂ ಜಾರಿದರು, ಹಾರೋರೂ ಹಾರಿದರು, ನನಗೆ ತೂಕಡಿಕೆ ಬಂತು. ಮುಂಚೆಯಾದರೆ ಗುಡಿಸೋರು ಬಂದಾಗ ನಿನ್ನ ಕಡೆ ತಿರುಗುತ್ತಿದ್ದೆ. ನಗು ಕೇಳಿಸದಿದ್ದರೂ ನಿನ್ನ ಭುಜ ಕುಣಿಯುವುದು ಕಾಣಿಸುತ್ತಿತ್ತು. ನಾನು ನೋಡುತ್ತಿದ್ದದ್ದು ಅದನ್ನೇ. ಈ ಸಲ ತಿರುಗಿದರೆ ಖಾಲಿ ಕುರ್ಚಿ.

ಇವತ್ತು ಆಟ ಮುಗಿಯುತ್ತದಂತೆ. ಮುಗಿಯಲಿ. ಕೈ ಹುಷಾರು.

ಇಂತಿ,
ಭಾಗ್ಯಮ್ಮ


ಕುಷ್ಟಗಿ ತಾಲೂಕು
ಮಾರ್ಚ್ 11, 2026

ಅಮ್ಮಾರಿಗೆ,

ನಿಮ್ಮ ಪತ್ರ ಓದಿ ನಾನೂ ಅಕ್ಕನೂ ಬಹಳ ಹೊತ್ತು ನಕ್ಕೆವು. ಆಮೇಲೆ ಅಕ್ಕ ಒಳಗೆ ಹೋದ ಮೇಲೆ ಒಬ್ಬಳೇ ಕೂತು ನಿಮ್ಮ ಸೀರಿಯಲ್ಲಿನ ಸೊಸೆಯ ಬಗ್ಗೆ ಚಿಂತೆ ಮಾಡಿದೆ. ಯಾರಾದರೂ ನೋಡಿದವರು ಸಿಕ್ಕರೆ ಕೇಳಿ ತಿಳಿಸುತ್ತೇನೆ.

ಒಂದು ಸುದ್ದಿ. ನಾನೂ ಆ ಆಟ ನೋಡಿದೆ. ಬೇಡ ಬೇಡ ಎಂದು ಬರೆದವಳೇ ಅಕ್ಕನ ಫೋನಿನಲ್ಲಿ ಹುಡುಕಿ ನೋಡಿದೆ. ಮಧ್ಯಾಹ್ನದ ಆ ಹೊತ್ತಾದರೆ ಕೈ ತಾನೇ ಫೋನಿನ ಕಡೆ ಹೋಗುತ್ತಿತ್ತು.

ಉದ್ದ ಕೋಲು ಊರಿಕೊಂಡು ಐಸಿನ ಮೇಲೆ ಓಡುವ ಹೆಂಗಸರು ಇದ್ದಾರಲ್ಲ, ಅವರು ಗೆರೆ ದಾಟಿದ ಕೂಡಲೇ ಬಿದ್ದುಬಿಡುತ್ತಾರೆ. ಗೆದ್ದವಳೂ ಬೀಳುತ್ತಾಳೆ, ಸೋತವಳೂ ಬೀಳುತ್ತಾಳೆ. ಮೂಗು ಬಾಯಿ ಒರೆಸಿಕೊಳ್ಳುವುದಕ್ಕೂ ಶಕ್ತಿಯಿರುವುದಿಲ್ಲ. ಯಾರೂ ಬಂದು ಎಬ್ಬಿಸುವುದಿಲ್ಲ. ಯಾಕೆ ಬಿದ್ದೆ, ಏನಾಯಿತು, ಏಳು ಅನ್ನುವುದಿಲ್ಲ. ನಿಜ ಹೇಳಬೇಕೆಂದರೆ ನಿಮ್ಮ ಮನೆಯಲ್ಲಿ ಕೂತಾಗಲೂ ಅದೊಂದನ್ನು ಮಾತ್ರ ನಾನು ಕಣ್ಣು ತುಂಬ ನೋಡುತ್ತಿದ್ದೆ. ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದೆ.

ಕೋಲ್ಡ್ ರೂಮಿನಲ್ಲಿ ಕೂರುವ ಹಾಗಿಲ್ಲ. “ಕೂತ್ರೆ ಮೈ ಸೆಟ್ಕೊಳ್ಳತ್ತೆ ಶೈಲಕ್ಕ, ಏಳಿ ಏಳಿ” ಎಂದು ಮುರಳಿ ಎಬ್ಬಿಸುತ್ತಿದ್ದ. ಇಲ್ಲಿ ಅಕ್ಕನ ಮನೆಯಲ್ಲೂ ಅದೇ. ಅಕ್ಕ ಏನೂ ಅನ್ನುವುದಿಲ್ಲ, ಆದರೆ ಮಧ್ಯಾಹ್ನ ಸ್ವಲ್ಪ ಅಡ್ಡಾದರೆ ಓಣಿಯವರು ಬಾಗಿಲಿಗೆ ಬರುತ್ತಾರೆ. “ಯಾಕಬೇ, ಬೆಂಗಳೂರಿಂದ ಬಂದಾಕಿ ಬರೇ ಮಲಗಿರತಿ? ಯಾವಾಗ ಹೋಗಾಕಿ?” ಕೈ ತೋರಿಸಿದರೆ, “ಎಲ್ಲೈತಿ? ಗಾಯಾನ ಇಲ್ಲಲ್ಲ” ಅನ್ನುತ್ತಾರೆ. ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ. ಬೇಸಿಗೆ ಬಂದ ಮೇಲೆ ಬೆರಳು ಅಷ್ಟು ನೋಯುವುದೂ ಇಲ್ಲ.

ಅದಕ್ಕೆ ಮುರಳಿಗೆ ಫೋನ್ ಮಾಡಿ ಬರುತ್ತೇನೆ ಎಂದು ಹೇಳಿದ್ದೇನೆ. ಏಪ್ರಿಲ್ ಒಂದಕ್ಕೆ ಸೇರಿಕೊ ಅಂದಿದ್ದಾನೆ. ಡಾಕ್ಟರ ಮಾತು ಗೊತ್ತಿದೆ. ಆದರೆ ನನಗೆ ಬೇರೆ ಯಾವ ಕೆಲಸ ಗೊತ್ತಿದೆ? ಹೊಸದನ್ನು ಹುಡುಕಿಕೊಂಡು ಗೇಟಿಂದ ಗೇಟಿಗೆ ಅಲೆಯುವ ಶಕ್ತಿ ಇಲ್ರಿ. ರೂಮು ಇರಲಿ. ಬಂದ ಮೇಲೆ ಮಾತಾಡೋಣ.

ನಿಮ್ಮ
ಶೈಲಾ


ಬೊಮ್ಮಸಂದ್ರ
ಮಾರ್ಚ್ 21, 2026

ಶೈಲಾಗೆ,

ನಿನ್ನ ಕಾಗದ ಯುಗಾದಿಯ ಹಿಂದಿನ ದಿನ ಕೈಗೆ ಬಂತು. ಮೊದಲು ಖುಷಿಯಾಯಿತು. ಬರ್ತಾಳೆ ಎಂದು ವಸಂತ್‌ಗೆ ಹೇಳಿ ನಿನ್ನ ರೂಮಿನ ಬೀಗ ತೆಗೆಸಿ ಗುಡಿಸಿದೆ. ಗುಡಿಸುತ್ತಾ ಗುಡಿಸುತ್ತಾ ಪೊರಕೆ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟೆ. ನಾನು ಎಂಥಾ ಹೆಂಗಸು? ಬಾ ಬಾ ಎಂದು ಬರೆದು ಬರೆದು ನಿನ್ನನ್ನು ಆ ರೂಮಿಗೆ ತಳ್ಳುತ್ತಿರುವುದು ನಾನೇ ಅಲ್ಲವೇ? ನನ್ನ ಪಕ್ಕದ ಕುರ್ಚಿ ತುಂಬಲಿ ಎಂದು ನಿನ್ನ ಬೆರಳು ಹೋಗಬೇಕೇ?

ಹಬ್ಬ ಮುಗಿದ ಮರುದಿನವೇ ಫ್ಯಾಕ್ಟರಿ ಗೇಟಿಗೆ ಹೋದೆ. ಶಿಫ್ಟು ಬಿಡುವ ಹೊತ್ತು, ಬಸ್ಸುಗಳು, ಗಾಡಿಗಳು, ಜನವೋ ಜನ. ಮುರಳಿಯನ್ನು ಕರೆಸಿದೆ. “ಶೈಲಾ ಬರಾಕಿಲ್ಲ. ಅವಳ ಜಾಗಕ್ಕೆ ಯಾರನ್ನಾದ್ರೂ ಹಾಕ್ಕೋ. ಹಾಕ್ಕೊಂಡೋರಿಗೆ ಒಣಗಿರೋ ಗ್ಲೌಸು ಕೊಡು!” ಅಂದೆ. ನನ್ನ ದನಿ ನನಗೆ ಕೇಳಿಸುವುದಿಲ್ಲವಲ್ಲ, ಜೋರಾಗಿಯೇ ಅಂದಿರಬೇಕು. ಹೆಣ್ಣುಮಕ್ಕಳೆಲ್ಲ ನಿಂತು ನೋಡಿದರು. ಅವನು ಕೈ ಬೀಸಿ ಬೀಸಿ ಏನೇನೋ ಹೇಳಿದ. ನನಗೆ ಕೇಳಿಸಲಿಲ್ಲ. ಕೇಳಿಸಿದ್ದರೂ ಕೇಳುತ್ತಿರಲಿಲ್ಲ.

ನಿನ್ನನ್ನು ಒಂದು ಮಾತು ಕೇಳದೆ ನಿನ್ನ ಕೆಲಸ ಕಳೆದಿದ್ದೇನೆ. ಬೈಯುವುದಿದ್ದರೆ ಬೈದುಕೋ. ಆದರೆ ಇದನ್ನೂ ಕೇಳು. ಬಸ್‌ಸ್ಟಾಪಿನ ಹತ್ತಿರ ಇಡ್ಲಿ ಮಾಡುವ ವೇಣಿ ಗೊತ್ತಲ್ಲ, ಅವಳ ಕೈಕೆಳಗಿದ್ದವಳು ಮದುವೆಯಾಗಿ ಆನೇಕಲ್‌ಗೆ ಹೋದಳು. “ನಂಗೆ ಒಬ್ರು ಬೇಕೇ ಬೇಕು ಆಂಟಿ, ಆದ್ರೆ ಬೆಳಗ್ಗೆ ಇಡ್ಲಿ ಪಾತ್ರೆ ಮುಂದೇನೇ ನಿಂತಿರಬೇಕು, ಹಬೆ ಜಾಸ್ತಿ, ಎಲ್ರಿಗೂ ಆಗಲ್ಲ” ಎಂದು ಬರೆದು ತೋರಿಸಿದಳು. ನನಗೆ ನಗು ಬಂತು. ಹಬೆಯೇ ಬೇಕಾಗಿರೋಳು ಒಬ್ಬಳಿದ್ದಾಳೆ ಅಂದೆ. ಆದರೆ ಕೆಲಸ ಆಮೇಲೆ. ನಿನ್ನ ದಣಿವು ಆರುವವರೆಗೆ ಕಾಯಬೇಕು ಎಂದು ಹೇಳಿದ್ದೇನೆ, ಒಪ್ಪಿದ್ದಾಳೆ.

ಮೊದಲು ಬಂದು ಬಿದ್ದುಕೋ. ನೀನು ಬರೆದಿದ್ದೀಯಲ್ಲ, ಆ ಗೆರೆ ದಾಟಿದವರ ಹಾಗೆ. ನಾನು ಯಾಕೆ ಅಂತ ಕೇಳುವುದಿಲ್ಲ, ಏಳು ಅನ್ನುವುದಿಲ್ಲ. ವಠಾರದವರು ಯಾರಾದರೂ ಬಾಗಿಲಿಗೆ ಬಂದು ಕೇಳಿದರೆ ನಾನಿದ್ದೇನೆ. ಅವರು ಎಷ್ಟು ಕೇಳಿದರೂ ನನಗೆ ಕೇಳಿಸುವುದಿಲ್ಲ.

ಇಂತಿ,
ಭಾಗ್ಯಮ್ಮ


ಕುಷ್ಟಗಿ ತಾಲೂಕು
ಮಾರ್ಚ್ 30, 2026

ಅಮ್ಮಾರಿಗೆ,

ಮುರಳಿ ಫೋನ್ ಮಾಡಿದ್ದ. “ಏನ್ ಶೈಲಕ್ಕ, ನಿಮ್ ಓನರಮ್ಮ ಗೇಟಲ್ಲಿ ನನ್ ಮಾನ ಹರಾಜ್ ಹಾಕ್ಬಿಟ್ರು” ಎಂದು ಗೋಳಾಡಿದ. ಮೊದಲು ನಿಮ್ಮ ಮೇಲೆ ಸಿಟ್ಟು ಬಂತು. ನನ್ನ ಕೆಲಸ ಬಿಡಿಸಲಿಕ್ಕೆ ಇವರು ಯಾರು ಅನಿಸಿತು. ಆಮೇಲೆ ನಿಮ್ಮ ಪತ್ರ ಬಂತು. ಅದನ್ನು ಓದಿದ ಮೇಲೆ, ಇಷ್ಟು ತಿಂಗಳಲ್ಲಿ ಮೊದಲ ಸಲ, ಓಣಿಯವರ ಎದುರಿಗೇ ಹಾಡುಹಗಲು ಕಾಲು ಚಾಚಿ ಮಲಗಿದೆ.

ಈ ಬುಧವಾರ ಬಿಟ್ಟು ಮುಂದಿನ ಬುಧವಾರ ಬಸ್ಸು ಹತ್ತುತ್ತೇನೆ. ಗುರುವಾರ ಬೆಳಗ್ಗೆ ನಿಮ್ಮ ಮನೆಯಲ್ಲಿರುತ್ತೇನೆ. ಆವಲಪ್ಪನಿಗೆ ಹೇಳಿ ಆ ಚಾನಲ್ಲು ತೆಗೆಸಿಬಿಡಿರಿ. ಇಲ್ಲ, ಬೇಡ, ಇರಲಿ ಬಿಡಿರಿ. ಮುಂದಿನ ಚಳಿಗಾಲಕ್ಕೆ ಗುಡಿಸೋರು ಬಂದರೂ ಬರಬಹುದು.

ಬಂದ ದಿನ ನಾನು ಮಾತಾಡುವುದಿಲ್ಲ, ನಿಮಗೂ ಕೇಳುವುದಿಲ್ಲ. ಚಾಪೆ ಹಾಸಿಟ್ಟಿರಿ.

ನಿಮ್ಮ
ಶೈಲಾ